ಹದಿನಾರರ ಹುಡುಗ, ದೊಡ್ಡವರ ಕೋರ್ಟು

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ಹೊತ್ತಿಗೆ ಹುಡುಗನಿಗೆ ಹದಿನಾರು ತುಂಬಿರುತ್ತದೆ, ಇಲ್ಲವೇ ತುಂಬುವುದರಲ್ಲಿರುತ್ತದೆ. ಎರಡನೇ ವರ್ಷದ ಪರೀಕ್ಷೆ ಬರೆದು ಕಾಲೇಜಿನಿಂದ ಹೊರಬರುವಾಗ ಹದಿನೆಂಟರ ಹೊಸ್ತಿಲು. ಈ ನಡುವಿನ ಎರಡು ವರ್ಷ ಅವನು ಮತ ಹಾಕುವಂತಿಲ್ಲ. ಕರಾರು ಪತ್ರಕ್ಕೆ ಸಹಿ ಹಾಕಿದರೆ ಅದಕ್ಕೆ ಬೆಲೆಯಿಲ್ಲ. ಮದುವೆಯಂತೂ ದೂರದ ಮಾತು. ಆದರೆ ಇದೇ ಎರಡು ವರ್ಷದಲ್ಲಿ ಒಂದು ಸಂದರ್ಭದಲ್ಲಿ ಕಾನೂನು ಅವನನ್ನು ದೊಡ್ಡವನಂತೆ ನಡೆಸಿಕೊಳ್ಳಬಹುದು. ಅವನ ಮೇಲೆ ಘೋರ ಅಪರಾಧದ ಆರೋಪ ಬಂದಾಗ. ಹುಡುಗಿಯರಿಗೂ ಇದೇ ಕಾನೂನು.

ಪ್ರಕರಣ ಬಾಲ ನ್ಯಾಯ ಮಂಡಳಿಯಲ್ಲೇ ಉಳಿದರೆ, ತಪ್ಪು ಸಾಬೀತಾದರೂ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದಲ್ಲಿ ಇರಬೇಕಾಗುತ್ತದೆ. ಆಮೇಲೆ ಆ ದಾಖಲೆ ಅವನ ನೌಕರಿಗೆ ಅಡ್ಡ ಬರುವಂತಿಲ್ಲ. ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ವರ್ಗವಾಗಿ ಅಲ್ಲಿ ವಯಸ್ಕನಂತೆ ವಿಚಾರಣೆ ನಡೆದರೆ ಹತ್ತು ವರ್ಷ, ಇಪ್ಪತ್ತು ವರ್ಷ, ಜೀವಾವಧಿಯವರೆಗೂ ಶಿಕ್ಷೆಯಾಗಬಹುದು. ಮರಣದಂಡನೆ ಮತ್ತು ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿ, ಇವೆರಡನ್ನು ಮಾತ್ರ ವಿಧಿಸುವಂತಿಲ್ಲ. ದಾಖಲೆ ಅಳಿಸುವ ಅನುಕೂಲವೂ ಆಗ ಸಿಗುವುದಿಲ್ಲ.

ಈ ಎರಡು ದಾರಿ ಕವಲೊಡೆಯುವುದು ಮಂಡಳಿಯ ಒಂದು ಆದೇಶದಿಂದ. ಆ ಆದೇಶವೇ ಕೊನೆಯಲ್ಲ. ಅದರ ಮೇಲೆ ಅಪೀಲು ಹೋಗಬಹುದು. ಅದಕ್ಕಿರುವ ಕಾಲ ಮೂವತ್ತು ದಿನ.

ವಯಸ್ಸಿನ ಗೆರೆ ಸರಿದ ಬಗೆ

1986ರ ಬಾಲ ನ್ಯಾಯ ಕಾಯ್ದೆಯಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಎಂಬ ಗೆರೆಯಿತ್ತು. 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಮಾಡಿತು. ಅದು ಜಾರಿಗೆ ಬಂದದ್ದು 2001ರ ಏಪ್ರಿಲ್ 1ರಂದು. ಕೋಲಾರದ ಚಿನ್ನದ ಗಣಿಗಳಿಗೆ ಬೀಗ ಬಿದ್ದದ್ದು ಅದೇ ವರ್ಷದ ಫೆಬ್ರುವರಿ 28ರಂದು. ಹಾಗಾಗಿ ನಂದಿದುರ್ಗ ಗಣಿಯಲ್ಲಿ ಪಾಳಿ ಕೆಲಸ ನಡೆಯುತ್ತಿದ್ದ 1990ರ ದಶಕದಲ್ಲಿ, ಕಾರ್ಮಿಕನ ಹದಿನಾರೂವರೆ ವರ್ಷದ ಮಗ ಕಾನೂನಿನ ಕಣ್ಣಿಗೆ ದೊಡ್ಡವನೇ ಆಗಿದ್ದ. ಗಣಿ ಮುಚ್ಚಿದ ಒಂದು ತಿಂಗಳ ಮೇಲೆ ಅದೇ ವಯಸ್ಸಿನ ಹುಡುಗ ಎಲ್ಲ ಅಪರಾಧಗಳಿಗೂ ಮಗುವಾದ.

ಸುಮಾರು ಹದಿನೈದು ವರ್ಷ ಹೀಗೇ ನಡೆಯಿತು. 2012ರ ಡಿಸೆಂಬರ್ 16ರ ದೆಹಲಿಯ ಅತ್ಯಾಚಾರ ಪ್ರಕರಣ ದೇಶವನ್ನು ಕಲಕಿತು. ಆರೋಪಿಗಳಲ್ಲಿ ಒಬ್ಬ ಹದಿನೆಂಟು ತುಂಬದವನು. ಅವನಿಗೆ ಮೂರೇ ವರ್ಷ ಎಂದಾಗ ಜನ ಬೀದಿಗಿಳಿದರು. ಆ ಕೂಗಿನ ನಡುವೆ 2015ರ ಹೊಸ ಕಾಯ್ದೆ ಬಂದು 2016ರ ಜನವರಿ 15ರಿಂದ ಜಾರಿಯಾಯಿತು. ಹದಿನೆಂಟರ ಗೆರೆ ಉಳಿಯಿತು. ಆದರೆ ಹದಿನಾರರಿಂದ ಹದಿನೆಂಟರವರೆಗಿನವರನ್ನು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಿಸಲು ಒಂದು ಕಿಟಕಿ ತೆರೆಯಿತು.

ಎಲ್ಲ ಅಪರಾಧವೂ ಘೋರವಲ್ಲ

ಪತ್ರಿಕೆ ಓದುವವರಿಗೆ ಎಲ್ಲವೂ ಘೋರವೇ. ಕಾನೂನಿನ ಲೆಕ್ಕ ಬೇರೆ. ಯಾವ ಅಪರಾಧಕ್ಕೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚೋ ಅದು ಮಾತ್ರ ಘೋರ. ಇಲ್ಲಿ 'ಕನಿಷ್ಠ' ಎಂಬ ಪದವೇ ಮುಖ್ಯ. ಕೊಲೆಗೆ ಕನಿಷ್ಠವೇ ಜೀವಾವಧಿ. ಆದ್ದರಿಂದ ಅದು ಘೋರ. ಕೊಲೆ ಯತ್ನಕ್ಕೆ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕೊಡಬಹುದಾದರೂ ಸಾಮಾನ್ಯವಾಗಿ ಕನಿಷ್ಠ ಮಿತಿಯಿಲ್ಲ. ಅದು ಘೋರದ ಪಟ್ಟಿಗೆ ಬರುವುದಿಲ್ಲ.

ಶಿಕ್ಷೆ ಏಳು ವರ್ಷಕ್ಕಿಂತ ಹೆಚ್ಚಾಗಬಹುದು, ಆದರೆ ಕನಿಷ್ಠ ಇಷ್ಟೇ ಎಂದು ಹೇಳಿಲ್ಲ ಎನ್ನುವಂಥ ಅಪರಾಧಗಳು ಎಲ್ಲಿ ಸೇರುತ್ತವೆ ಎಂಬ ಗೊಂದಲವಿತ್ತು. 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿತು. ಅವನ್ನು 'ಗಂಭೀರ' ಎಂದು ತಿಳಿಯಬೇಕೇ ಹೊರತು 'ಘೋರ' ಎಂದಲ್ಲ ಎಂಬುದು ನ್ಯಾಯಮೂರ್ತಿಗಳಾದ ದೀಪಕ್ ಗುಪ್ತಾ ಮತ್ತು ಅನಿರುದ್ಧ ಬೋಸ್ ಅವರ ತೀರ್ಪು. ಅಂಥ ಪ್ರಕರಣದಲ್ಲಿ ವರ್ಗಾವಣೆಯ ಪ್ರಶ್ನೆಯೇ ಏಳುವುದಿಲ್ಲ.

ವಿದ್ಯಾರ್ಥಿಗಳು ಎರಡು ವಿಷಯ ಮುಖ್ಯವಾಗಿ ತಿಳಿದಿರಬೇಕು. ಒಂದು, ದರೋಡೆ ಮಾಡುವಾಗ ಮಾರಕ ಆಯುಧ ಬಳಸಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕನಿಷ್ಠ ಏಳು ವರ್ಷ. ಗೆಳೆಯರ ಜೊತೆ 'ಸುಮ್ಮನೆ ಹೆದರಿಸಲು' ಚಾಕು ಹಿಡಿದು ಯಾರದೋ ಮೊಬೈಲು ಕಸಿದವನು ಹೀಗೆ ಘೋರದ ಸಾಲಿಗೆ ಸೇರಿಬಿಡಬಹುದು. ಎರಡು, ಪೋಕ್ಸೋ ಕಾಯ್ದೆ. ಹದಿನೆಂಟರೊಳಗಿನವರ ಒಪ್ಪಿಗೆಯನ್ನು ಆ ಕಾಯ್ದೆ ಒಪ್ಪಿಗೆಯೆಂದು ಎಣಿಸುವುದಿಲ್ಲ. ದೈಹಿಕ ಸಂಬಂಧದ ಆರೋಪಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ ಹತ್ತು ವರ್ಷ. ಹುಡುಗಿಗೆ ಹದಿನಾರು ತುಂಬಿರದಿದ್ದರೆ ಇಪ್ಪತ್ತು. ಹದಿನೇಳರ ಹುಡುಗನೊಬ್ಬ 'ನಾವು ಪ್ರೀತಿಸಿದ್ದೆವು' ಎಂದು ಹೇಳಿದ ಮಾತ್ರಕ್ಕೆ ಪ್ರಕರಣ ಹಗುರವಾಗುವುದಿಲ್ಲ.

ಮಂಡಳಿ ನೋಡುವುದೇನು

ಹದಿನಾರು ತುಂಬಿದೆ, ಆರೋಪ ಘೋರದ್ದು ಎಂದಾದರೆ ಮಂಡಳಿ 15ನೇ ಸೆಕ್ಷನ್ನಿನ ಪ್ರಕಾರ 'ಪ್ರಾಥಮಿಕ ಮೌಲ್ಯಮಾಪನ' ಮಾಡಬೇಕು. ಮಂಡಳಿಯೆಂದರೆ ಒಬ್ಬ ಪ್ರಧಾನ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರು. ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಅವರು ನೋಡಬೇಕಾದದ್ದು ಇಷ್ಟು: ಇಂಥ ಅಪರಾಧ ಮಾಡುವ ಮಾನಸಿಕ ಮತ್ತು ದೈಹಿಕ ಶಕ್ತಿ ಅವನಿಗಿತ್ತೇ, ಅದರ ಪರಿಣಾಮ ಏನೆಂದು ತಿಳಿಯುವ ಬುದ್ಧಿ ಬಂದಿತ್ತೇ, ಅದು ನಡೆಯಿತೆನ್ನಲಾದ ಸಂದರ್ಭ ಯಾವುದು. ಅವನು ತಪ್ಪು ಮಾಡಿದನೇ ಇಲ್ಲವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಇದು ವಿಚಾರಣೆಯಲ್ಲ ಎಂದು ಕಾಯ್ದೆಯೇ ಸ್ಪಷ್ಟವಾಗಿ ಹೇಳಿದೆ.

ಈ ಕೆಲಸ ಎಷ್ಟು ನಾಜೂಕಿನದು ಎಂಬುದಕ್ಕೆ ಹರಿಯಾಣದ ಗುರುಗ್ರಾಮದ ಪ್ರಕರಣ ಸಾಕ್ಷಿ. 2017ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಅದೇ ಶಾಲೆಯ ಹದಿನಾರು ದಾಟಿದ ವಿದ್ಯಾರ್ಥಿಯ ಮೇಲೆ ಆರೋಪ ಬಂತು. ಮಂಡಳಿ ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂದಿತು. ಅಪೀಲಿನಲ್ಲಿ ಮಕ್ಕಳ ನ್ಯಾಯಾಲಯವೂ ಅದನ್ನೇ ಹೇಳಿತು. 2018ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಎರಡೂ ಆದೇಶ ರದ್ದುಮಾಡಿತು. 2022ರ ಜುಲೈ 13ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ನಿಲುವನ್ನು ಎತ್ತಿಹಿಡಿಯಿತು. ಬುದ್ಧಿಮತ್ತೆಯ ಅಂಕ ನೋಡಿದ ಮಾತ್ರಕ್ಕೆ ಪರಿಣಾಮ ತಿಳಿಯುವ ಶಕ್ತಿ ಅಳೆದಂತಾಗುವುದಿಲ್ಲ ಎಂಬುದು ತೀರ್ಪಿನ ಸಾರ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯ ಬಲ್ಲವರು ಇಲ್ಲದಿದ್ದರೆ ಹೊರಗಿನ ತಜ್ಞರ ನೆರವು ಪಡೆಯುವುದು ಕಡ್ಡಾಯ ಎಂದೂ ಕೋರ್ಟ್ ಹೇಳಿತು. ಪ್ರಕರಣ ಮತ್ತೆ ಮಂಡಳಿಗೆ ಹೋಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮಂಡಳಿ ಮತ್ತೊಮ್ಮೆ ಪರಿಶೀಲಿಸಿ, ವಯಸ್ಕನಂತೆಯೇ ವಿಚಾರಿಸಬೇಕೆಂದು ಹೇಳಿತು.

ಹಾಗಾದರೆ ಅಪೀಲಿನಿಂದ ಬಂದದ್ದೇನು ಎಂದು ಕೇಳಬಹುದು. ಅಪೀಲು ಎಂದರೆ ಗೆಲುವಿನ ಚೀಟಿಯಲ್ಲ. ಒಬ್ಬ ಹುಡುಗನ ಜೀವನವನ್ನು ಕವಲು ದಾರಿಯಲ್ಲಿ ತಿರುಗಿಸುವ ಮುನ್ನ ಸರಿಯಾಗಿ ತೂಗಿ ನೋಡಿದ್ದಾರೆಯೇ ಎಂದು ಮೇಲಿನವರು ಪರೀಕ್ಷಿಸುವ ಕ್ರಮ ಅದು. ಅಮೆರಿಕದ ಸುಪ್ರೀಂ ಕೋರ್ಟ್ 1966ರಲ್ಲಿ ಕೆಂಟ್ ಪ್ರಕರಣದಲ್ಲಿ ಇದೇ ಮಾತು ಹೇಳಿತ್ತು. ವಾಷಿಂಗ್ಟನ್ನಿನ ಹದಿನಾರರ ಹುಡುಗನೊಬ್ಬನನ್ನು ವಾದ ಕೇಳದೆ, ಕಾರಣ ಕೊಡದೆ ದೊಡ್ಡವರ ಕೋರ್ಟಿಗೆ ಕಳಿಸಿದ್ದರು. ವಾದ ಕೇಳಬೇಕು, ವಕೀಲರಿಗೆ ಕಡತ ನೋಡಲು ಕೊಡಬೇಕು, ಕಾರಣ ಬರೆಯಬೇಕು ಎಂದು ಆ ಕೋರ್ಟ್ ವಿಧಿಸಿತು.

ಕರ್ನಾಟಕದಿಂದ ಹೋದ ಪ್ರಕರಣ

ಅಪೀಲಿನ ನಿಯಮಗಳು ಇಂದು ಸ್ಪಷ್ಟವಾಗಿರುವುದು ಕರ್ನಾಟಕದ ಒಬ್ಬ ತಾಯಿ ಮಗನ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಿಂದ. 2022ರ ಏಪ್ರಿಲ್ 5ರಂದು ಮಂಡಳಿಯ ಪ್ರಧಾನ ಮ್ಯಾಜಿಸ್ಟ್ರೇಟರು ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೆಂದು ಆದೇಶ ಬರೆದರು. ಜೊತೆಗಿದ್ದ ಸದಸ್ಯರು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಮಂಡಳಿಯಿಂದ ಅದಕ್ಕೆ ಎದುರಾದ ಆದೇಶ ಬಂತು. ದೂರುದಾರರ ಕಡೆಯವರು ಹೈಕೋರ್ಟಿಗೆ ಹೋದರು. 2023ರ ನವೆಂಬರ್ 15ರಂದು ಹೈಕೋರ್ಟ್ ಮೊದಲಿನ ಆದೇಶವನ್ನೇ ಎತ್ತಿಹಿಡಿಯಿತು. ಆಗ ತಾಯಿ ದೆಹಲಿಯ ಬಾಗಿಲು ತಟ್ಟಿದರು.

2024ರ ಮೇ 7ರಂದು ನ್ಯಾಯಮೂರ್ತಿಗಳಾದ ಸಿ.ಟಿ. ರವಿಕುಮಾರ್ ಮತ್ತು ರಾಜೇಶ್ ಬಿಂದಲ್ ತೀರ್ಪು ಕೊಟ್ಟರು. ಅಭಿಪ್ರಾಯ ಭೇದವಿದ್ದು ಬಹುಮತ ಇಲ್ಲದಾಗ ಪ್ರಧಾನ ಮ್ಯಾಜಿಸ್ಟ್ರೇಟರ ಮಾತೇ ನಿಲ್ಲುತ್ತದೆ. ಮೌಲ್ಯಮಾಪನವನ್ನು ಮೂರು ತಿಂಗಳಲ್ಲಿ ಮುಗಿಸಬೇಕೆಂಬ ನಿಯಮ ಮಾರ್ಗದರ್ಶಕವೇ ಹೊರತು, ಅದು ಮೀರಿತೆಂದು ಪ್ರಕರಣ ಬಿದ್ದುಹೋಗುವುದಿಲ್ಲ. ಕಾಯ್ದೆಯ 101ನೇ ಸೆಕ್ಷನ್ನಿನಲ್ಲಿ ಇಂಥ ಅಪೀಲಿಗೆ ಕಾಲಮಿತಿ ಬರೆದಿರಲಿಲ್ಲ. ಅದನ್ನು ಮೂವತ್ತು ದಿನ ಎಂದು ಕೋರ್ಟ್ ನಿಗದಿ ಮಾಡಿತು. ತಕ್ಕ ಕಾರಣ ತೋರಿಸಿದರೆ ತಡವಾದ ಅಪೀಲನ್ನೂ ತೆಗೆದುಕೊಳ್ಳಬಹುದು. ಸಲ್ಲಿಸಿದ ಅಪೀಲನ್ನು ಮೂವತ್ತು ದಿನದಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು. ಕಾಯ್ದೆಯಲ್ಲಿ ಒಂದು ಕಡೆ 'ಮಕ್ಕಳ ನ್ಯಾಯಾಲಯ', ಇನ್ನೊಂದು ಕಡೆ 'ಸೆಷನ್ಸ್ ನ್ಯಾಯಾಲಯ' ಎಂದಿರುವುದರಿಂದ ಎಲ್ಲಿಗೆ ಹೋಗಬೇಕೆಂಬ ಗೊಂದಲವಿತ್ತು. ಜಿಲ್ಲೆಯಲ್ಲಿ ಮಕ್ಕಳ ನ್ಯಾಯಾಲಯ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಸೆಷನ್ಸ್ ನ್ಯಾಯಾಲಯಕ್ಕೆ ಎಂದು ಅದೂ ತೀರ್ಮಾನವಾಯಿತು. ಹುಡುಗನಿಗೆ ಅಪೀಲು ಸಲ್ಲಿಸಲು ಹತ್ತು ದಿನ ಸಿಕ್ಕಿತು. ಎರಡು ವರ್ಷದ ಅಲೆದಾಟದ ಮೇಲೆ ಪ್ರಕರಣ ಅಪೀಲಿನ ಮೊದಲ ಮೆಟ್ಟಿಲಿಗೆ ಬಂದು ನಿಂತಿತ್ತು.

ಮೂವತ್ತು ದಿನ ಹೇಗೆ ಕಳೆಯುತ್ತದೆ

ನಂದಿದುರ್ಗ ಗಣಿಯ ಹಳೆಯ ಲೈನ್ ಮನೆಯೊಂದನ್ನು ಊಹಿಸಿಕೊಳ್ಳಿ. ಅಪ್ಪ ನಸುಕಿನ ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಊಟದ ಹೊತ್ತಿಗೆ ಬರುತ್ತಾರೆ. ಮನೆಮಾತು ತಮಿಳು, ಮಗ ಓದುವುದು ಇಂಗ್ಲಿಷು ಕನ್ನಡ, ಆದೇಶ ಇರುವುದು ಕಾನೂನಿನ ಭಾಷೆಯಲ್ಲಿ. ಜಿಲ್ಲಾ ಕೇಂದ್ರವಾದ ಕೋಲಾರ ಸುಮಾರು 30 ಕಿಲೋಮೀಟರು. ಅಲ್ಲಿಗೆ ಒಮ್ಮೆ ಹೋಗಿಬಂದರೆ ಅಪ್ಪನಿಗೆ ಒಂದು ದಿನದ ಕೂಲಿ ಹೋಯಿತು.

ಆದೇಶ ಬಂದ ಮೊದಲ ವಾರ ಅಳುವುದರಲ್ಲಿ, ನಂಟರಿಷ್ಟರನ್ನು ಕೇಳುವುದರಲ್ಲಿ ಮುಗಿಯುತ್ತದೆ. ಎರಡನೆಯ ವಾರ 'ನನಗೆ ಗೊತ್ತಿರುವವರಿದ್ದಾರೆ, ಎಲ್ಲ ಸರಿಮಾಡಿಸುತ್ತೇನೆ' ಎನ್ನುವ ಮಧ್ಯವರ್ತಿಯ ಹಿಂದೆ. ಮೂರನೆಯ ವಾರ ಹಣ ಹೊಂದಿಸುವುದರಲ್ಲಿ. ನಾಲ್ಕನೆಯ ವಾರ ವಕೀಲರ ಮುಂದೆ ಕುಳಿತಾಗ ಅವರು ಕೇಳುವ ಮೊದಲ ಮಾತು, 'ಆದೇಶದ ಪ್ರತಿ ಎಲ್ಲಿ?' ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗುವುದು ಹೀಗೆ.

ಇದರಲ್ಲಿ ಎರಡು ಖರ್ಚು ಉಳಿಸಬಹುದು. ವರ್ಗಾವಣೆಯ ಆದೇಶಕ್ಕೆ ಕಾರಣ ಬರೆಯಬೇಕು, ಅದರ ಪ್ರತಿಯನ್ನು ಕೂಡಲೇ ಮಗುವಿಗೆ ಕೊಡಬೇಕು ಎಂದು 2016ರ ಮಾದರಿ ನಿಯಮ ಹೇಳುತ್ತದೆ. ಕೇಳಿ ಪಡೆಯುವುದು ಹಕ್ಕು, ಉಪಕಾರವಲ್ಲ. ಇನ್ನು ವಕೀಲರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಮನೆಯ ವರಮಾನ ಎಷ್ಟೆಂದು ಕೇಳುವಂತಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ವಿಚಾರಿಸಬಹುದು. 15100 ಎಂಬ ಸಹಾಯವಾಣಿಯೂ ಇದೆ.

ಅಪೀಲಿನಲ್ಲಿ ಹೇಳಬೇಕಾದದ್ದು

'ನಮ್ಮ ಹುಡುಗ ಒಳ್ಳೆಯವನು, ಸಹವಾಸ ಕೆಟ್ಟದ್ದು' ಎಂಬುದು ತಾಯಿತಂದೆಯ ಮಾತು. ಅಪೀಲಿಗೆ ಅಷ್ಟು ಸಾಲದು. ಆದೇಶವನ್ನು ಎದುರಿಗಿಟ್ಟುಕೊಂಡು ಐದು ಪ್ರಶ್ನೆ ಕೇಳಬೇಕು.

ಮೊದಲನೆಯದು ವಯಸ್ಸು. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು. ಹಿಡಿದ ದಿನದ್ದಲ್ಲ, ಆದೇಶದ ದಿನದ್ದೂ ಅಲ್ಲ. ಹದಿನಾರಕ್ಕೆ ಒಂದು ದಿನ ಕಡಿಮೆಯಿದ್ದರೂ ಈ ಮೌಲ್ಯಮಾಪನವೇ ನಡೆಯುವಂತಿಲ್ಲ. ವಯಸ್ಸಿಗೆ ಮೊದಲ ಆಧಾರ ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ನಗರಸಭೆ, ಪಂಚಾಯಿತಿಯ ಜನನ ಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ. ಒಂದನೇ ತರಗತಿಗೆ ಸೇರಿಸುವ ದಿನ ಅಂದಾಜಿನಲ್ಲಿ ಬರೆಸಿದ ತಾರೀಖು ಹತ್ತು ವರ್ಷದ ಮೇಲೆ ಹೀಗೆ ಎದ್ದು ಬರಬಹುದು. ಮಕ್ಕಳನ್ನು ಶಾಲೆಗೆ ಸೇರಿಸುವ ಪಾಲಕರು ನಿಜವಾದ ತಾರೀಖನ್ನೇ ಬರೆಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು, ಹಾಕಿರುವ ಕಲಮುಗಳಲ್ಲಿ ಕನಿಷ್ಠ ಏಳು ವರ್ಷದ್ದು ಯಾವುದು? ಮೂರನೆಯದು, ಹುಡುಗನನ್ನು ನೋಡಿದ ತಜ್ಞರು ಯಾರು, ಎಷ್ಟು ಹೊತ್ತು ಮಾತಾಡಿದರು, ಅವನಿಗೆ ತಿಳಿಯುವ ಭಾಷೆಯಲ್ಲಿ ಮಾತಾಡಿದರೇ? ನಾಲ್ಕನೆಯದು, ಆ ವರದಿಯನ್ನೂ ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿಯನ್ನೂ ನೋಡಿ ಉತ್ತರಿಸಲು ಹುಡುಗನ ವಕೀಲರಿಗೆ ಅವಕಾಶ ಸಿಕ್ಕಿತೇ? ಐದನೆಯದು, ಮಂಡಳಿ ಶಕ್ತಿ, ತಿಳಿವಳಿಕೆ, ಸಂದರ್ಭ ಇವನ್ನೆಲ್ಲ ಬೇರೆಬೇರೆಯಾಗಿ ತೂಗಿದೆಯೇ, ಇಲ್ಲ 'ಅಪರಾಧ ಭೀಕರವಾಗಿದೆ' ಎಂಬ ಒಂದೇ ಮಾತಿನಿಂದ ಮುಗಿಸಿದೆಯೇ?

ಅಪೀಲು ಕೇಳುವ ನ್ಯಾಯಾಲಯ ಮಂಡಳಿ ಕರೆಸಿದ್ದ ತಜ್ಞರನ್ನು ಬಿಟ್ಟು ಬೇರೆ ಮನಶ್ಶಾಸ್ತ್ರಜ್ಞರ, ವೈದ್ಯರ ನೆರವು ಪಡೆಯಬಹುದು. ಇದನ್ನು ಕೇಳಿಕೊಳ್ಳಲು ಮರೆಯಬಾರದು. ಅಲ್ಲಿಯೂ ಸೋತರೆ ಎರಡನೇ ಅಪೀಲು ಇಲ್ಲ. ಆದರೆ ಹೈಕೋರ್ಟ್ ಕಡತ ತರಿಸಿಕೊಂಡು ಪರಿಶೀಲಿಸುವ ಅಧಿಕಾರ 102ನೇ ಸೆಕ್ಷನ್ನಿನಲ್ಲಿ ಇದೆ.

ಇನ್ನೊಂದು ಬಾಗಿಲು

ಅಪೀಲಿನ ಕಾಲ ಮೀರಿಹೋದವರಿಗೂ ಒಂದು ಅವಕಾಶ ಉಳಿದಿರುತ್ತದೆ. ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಬಂದ ಕೂಡಲೇ ಅದು ನೇರವಾಗಿ ವಿಚಾರಣೆ ಶುರುಮಾಡುವಂತಿಲ್ಲ. ಈ ಹುಡುಗನನ್ನು ವಯಸ್ಕನಂತೆ ವಿಚಾರಿಸುವ ಅಗತ್ಯ ಇದೆಯೇ ಎಂದು 19ನೇ ಸೆಕ್ಷನ್ನಿನ ಪ್ರಕಾರ ತಾನೇ ತೀರ್ಮಾನಿಸಬೇಕು. ಇದು ಬರೀ ಶಾಸ್ತ್ರವಲ್ಲ, ಕಡ್ಡಾಯ ಎಂದು 2023ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಗತ್ಯವಿಲ್ಲ ಎನಿಸಿದರೆ ಮಗುವಿನಂತೆಯೇ ನಡೆಸಿಕೊಳ್ಳಬಹುದು. ತಪ್ಪಿತಸ್ಥನಾದರೂ ಇಪ್ಪತ್ತೊಂದು ತುಂಬುವವರೆಗೆ ಅವನನ್ನು ಜೈಲಿಗೆ ಹಾಕುವಂತಿಲ್ಲ. ಸುರಕ್ಷಿತ ಸ್ಥಳದಲ್ಲಿ ಇಟ್ಟು ಓದು, ಕಸುಬು, ಸಮಾಲೋಚನೆ ಒದಗಿಸಬೇಕು. ಇಪ್ಪತ್ತೊಂದಾದಾಗ ಅವನು ಎಷ್ಟು ತಿದ್ದಿಕೊಂಡಿದ್ದಾನೆ ಎಂದು ನೋಡಿ ನ್ಯಾಯಾಲಯ ಬಿಡುಗಡೆ ಮಾಡಬಹುದು, ಇಲ್ಲವೇ ಉಳಿದ ಅವಧಿಗೆ ಜೈಲಿಗೆ ಕಳಿಸಬಹುದು. ಹಾಗಾಗಿ ಒಳಗಿರುವ ದಿನಗಳಲ್ಲೂ ಪುಸ್ತಕ ಬಿಡಬಾರದು. ಅಲ್ಲಿ ಬರೆದ ಪರೀಕ್ಷೆಯೂ ಅವನ ಪರವಾಗಿ ಮಾತಾಡುತ್ತದೆ.

ಆಚೆ ಮನೆಯ ನೋವು

ಇಷ್ಟೆಲ್ಲ ಹೇಳುವಾಗ ಆಚೆ ಮನೆಯನ್ನು ಮರೆಯುವುದು ಅನ್ಯಾಯ. ಮಗನನ್ನು ಕಳೆದುಕೊಂಡವರಿಗೆ, ಮಗಳ ನೋವನ್ನು ಕಂಡವರಿಗೆ ಆರೋಪಿಯ ವಯಸ್ಸು ಸಮಾಧಾನ ಕೊಡುವುದಿಲ್ಲ. ಕಾನೂನು ಅವರಿಗೂ ದಾರಿ ಇಟ್ಟಿದೆ. ಕರ್ನಾಟಕದ ಪ್ರಕರಣದಲ್ಲಿ ಹೈಕೋರ್ಟಿಗೆ ಹೋಗಿ ಗೆದ್ದವರು ದೂರುದಾರರ ಕಡೆಯವರೇ. ಹುಡುಗನ ಪರ ಅವಸರದಲ್ಲಿ ಆದ ಆದೇಶವೂ ಸರಿಯಲ್ಲ, ಅವನ ವಿರುದ್ಧ ಅವಸರದಲ್ಲಿ ಆದ ಆದೇಶವೂ ಸರಿಯಲ್ಲ. ಸರಿಯಾಗಿ ನಡೆಯದ ಮೌಲ್ಯಮಾಪನ ವರ್ಷಗಳ ಮೇಲೆ ರದ್ದಾದರೆ ಎರಡೂ ಮನೆಯವರು ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಊರಿನವರದ್ದೂ ಒಂದು ಪಾಲಿದೆ. ಆರೋಪಿ ಮಗುವಿನ ಹೆಸರು, ಶಾಲೆ, ಭಾವಚಿತ್ರ ಹೊರಗೆಡಹುವುದು 74ನೇ ಸೆಕ್ಷನ್ನಿನಲ್ಲಿ ಅಪರಾಧ. ಆರು ತಿಂಗಳ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಹಪಾಠಿಯ ಫೋಟೋ ಹಂಚಿಕೊಳ್ಳುವ ಹುಡುಗರು ಇದನ್ನು ತಿಳಿದಿರಬೇಕು.

ಪೊಲೀಸರು ಮನೆಗೆ ಬಂದ ದಿನವೇ ನೆನಪಿಡಬೇಕಾದದ್ದು ಇಷ್ಟು. ಹದಿನೆಂಟರೊಳಗಿನವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಪ್ರಯಾಣದ ವೇಳೆ ಬಿಟ್ಟು ಇಪ್ಪತ್ನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಆರೋಪ ಎಂಥದ್ದೇ ಇದ್ದರೂ ಜಾಮೀನು ಕೇಳಬಹುದು. ಶಾಲೆಯ ಪ್ರಮಾಣಪತ್ರ, ಅಂಕಪಟ್ಟಿ, ಜನನ ಪತ್ರ, ಚಿಕಿತ್ಸೆಯ ಚೀಟಿ ಇದ್ದರೆ ಅದು, ಎಲ್ಲವನ್ನೂ ಒಂದು ಚೀಲದಲ್ಲಿ ತೆಗೆದಿಡಬೇಕು. ವರ್ಗಾವಣೆಯ ಆದೇಶ ಬಂದರೆ ಅದರ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಮೂವತ್ತು ಎಣಿಸಬೇಕು. ಕೋಲಾರಕ್ಕೆ ಹೋಗುವ ಮೊದಲ ಬಸ್ಸನ್ನು ಆ ಮೂವತ್ತರಲ್ಲಿ ಒಂದನೇ ದಿನವೇ ಹತ್ತುವುದು ಒಳ್ಳೆಯದು.